ಕಾರಿನ ತಲೆಹೊರೆ

ಮನುಷ್ಯ ಪ್ರಯಾಣ ಹೊರಟನೆಂದರೆ ಅವನ ಹಿಂದೆಯೇ ಗಂಟುಮೂಟೆಗಳೂ ಹೊರಡುತ್ತವೆ. ವಾಹನ ಯಾವುದಾದರೇನು, ಒಳಗೆ ಜನ ತುಂಬಿದ ಮೇಲೆ ಉಳಿದ ಸಾಮಾನು ಎಲ್ಲಿಗೆ ಎಂಬ ಪ್ರಶ್ನೆ ಯಾರಿಗೂ ತಪ್ಪಿದ್ದಲ್ಲ. ಎತ್ತಿನ ಗಾಡಿಯವನು ಅಚ್ಚಿನ ಕೆಳಗೆ ಜೋಲಿ ಕಟ್ಟಿ ಹುಲ್ಲು ತುಂಬಿಕೊಂಡ. ಬಸ್ಸಿನವನು ಹಿಂಬದಿಗೆ ಏಣಿ ಜೋಡಿಸಿ ಟ್ರಂಕು, ಮಂಕರಿ, ಸೈಕಲ್ಲುಗಳನ್ನೆಲ್ಲ ಟಾಪಿಗೆ ಏರಿಸಿದ. ಕಾರಿನವನೋ, ತನ್ನ ಗಾಡಿಯ ನೆತ್ತಿಯ ಮೇಲೆ ಕಬ್ಬಿಣದ ಪುಟ್ಟ ಮಂಚವೊಂದನ್ನು ಕಟ್ಟಿದ. ಇದನ್ನೇ ನಾವು ‘ಕ್ಯಾರಿಯರ್’ ಎನ್ನುವುದು.

ರಾಜರಿಗೂ ಯುದ್ಧಗಳಿಗೂ ಚರಿತ್ರೆ ಬರೆಯುವವರಿದ್ದಾರೆ. ಕ್ಯಾರಿಯರಿಗೆ ಯಾರು ಬರೆದಾರು? ಆದರೆ ಈ ವಸ್ತುವಿನ ಬೆನ್ನು ಹತ್ತಿ ಹೋದರೆ ಯೋಚಿಸಬೇಕಾದ ಸಂಗತಿಯೊಂದು ಎದುರಾಗುತ್ತದೆ. ಒಂದು ಕಾಲದಲ್ಲಿ ಮನೆಯ ಯಜಮಾನನೇ ಸ್ಪ್ಯಾನರು ಹಿಡಿದು ಅಂಗಳದಲ್ಲಿ ನಿಂತು ಇದನ್ನು ಕೂರಿಸಿಬಿಡುತ್ತಿದ್ದ. ಒಂದು ಕಾರಿನಿಂದ ಬಿಚ್ಚಿದ್ದು ಪಕ್ಕದ ಮನೆಯ ಕಾರಿಗೂ ಹೊಂದುತ್ತಿತ್ತು. ಇಂದು ಹಾಗಲ್ಲ, ಒಂದೊಂದು ಮಾದರಿಯ ಕಾರಿಗೂ ಅದರದ್ದೇ ಆದ ಜೋಡಣೆ ಬೇಕು. ಈ ಬದಲಾವಣೆ ಹೇಗಾಯಿತು ಎಂಬ ಪ್ರಶ್ನೆಗೆ ಉತ್ತರ ಕ್ಯಾರಿಯರಿನಲ್ಲಿಲ್ಲ, ಕಾರಿನ ಸೂರಿನಲ್ಲಿದೆ.

ಛಾವಣಿಯ ಮೇಲೆ ಹೊರೆ ಹೇರುವ ಪದ್ಧತಿ ಮೋಟಾರಿಗಿಂತ ಹಳೆಯದು. ಯೂರೋಪಿನ ಕುದುರೆ ಕೋಚುಗಳ ನೆತ್ತಿ ಎಂದೂ ಬರಿದಾಗಿರುತ್ತಿರಲಿಲ್ಲ. ಪೆಟ್ಟಿಗೆಗಳ ಜೊತೆಗೆ ಒಳಗಿನ ದರ ಕೊಡಲಾರದ ಪ್ರಯಾಣಿಕರೂ ಅಲ್ಲೇ ಕೂರುತ್ತಿದ್ದರು. ಮೇಲಿನ ಭಾರ ಹೆಚ್ಚಾದಷ್ಟೂ ಗಾಡಿ ತಿರುವಿನಲ್ಲಿ ಮಗುಚಿಕೊಳ್ಳುವ ಅಪಾಯ ಹೆಚ್ಚು. ಆದ್ದರಿಂದಲೇ ಬ್ರಿಟಿಷ್ ಪಾರ್ಲಿಮೆಂಟು 1788ರಲ್ಲಿ ಕಾನೂನು ಮಾಡಿ, ಕೋಚಿನ ಛಾವಣಿಯ ಮೇಲೆ ಆರು ಜನಕ್ಕಿಂತ ಹೆಚ್ಚು ಕೂರಬಾರದೆಂದು ವಿಧಿಸಿತು. ಇಂದಿನ ಕಾರಿನ ಕೈಪುಸ್ತಕದಲ್ಲಿ ಛಾವಣಿಯ ಮೇಲೆ ಇಷ್ಟೇ ಕಿಲೋ ಎಂದು ಅಚ್ಚಾಗಿರುವ ಸಾಲಿಗೆ ಈ ಕಾನೂನನ್ನು ಮುತ್ತಜ್ಜ ಎನ್ನಬಹುದು. 1830ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ರೈಲು ಓಡಾಡತೊಡಗಿದಾಗಲೂ ಡಬ್ಬಿಗಳನ್ನು ಕೋಚಿನ ರೂಪದಲ್ಲೇ ಕಟ್ಟಿದರು. ಸಾಮಾನನ್ನು ಎಂದಿನಂತೆ ನೆತ್ತಿಯ ಮೇಲೇ ಬಿಗಿದರು. ಹಳೆಯ ಅಭ್ಯಾಸ ಹೊಸ ಯಂತ್ರವನ್ನು ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ.

ವಿಚಿತ್ರವೆಂದರೆ, ಮೋಟಾರು ಕಾರು ಬಂದಾಗ ಈ ಸೌಕರ್ಯ ಕೆಲಕಾಲ ತಪ್ಪಿಯೇ ಹೋಯಿತು. ಏಕೆಂದರೆ ಮೊದಲ ಕಾರುಗಳಲ್ಲಿ ಬಹುಪಾಲಿಗೆ ಗಟ್ಟಿಯಾದ ಛಾವಣಿಯೇ ಇರಲಿಲ್ಲ. ಮಳೆ ಬಂದರೆ ಬಿಚ್ಚಿ ಎಳೆಯುವ ಬಟ್ಟೆಯ ಹೊದಿಕೆ, ಅಷ್ಟೇ. ಸಾಮಾನಿನ ಪೆಟ್ಟಿಗೆಯನ್ನು ಕಾರಿನ ಬೆನ್ನಿಗೆ ಪಟ್ಟಿ ಹಾಕಿ ಕಟ್ಟುತ್ತಿದ್ದರು. ಆ ಪೆಟ್ಟಿಗೆ ಮುಂದೆ ಕಾರಿನ ಮೈಯಲ್ಲೇ ಸೇರಿಹೋದದ್ದರಿಂದ ಅಮೆರಿಕದವರು ಆ ಜಾಗಕ್ಕೆ ಇಂದಿಗೂ ‘ಟ್ರಂಕ್’ ಎನ್ನುತ್ತಾರೆ. ನಾವು ‘ಡಿಕ್ಕಿ’ ಎನ್ನುವ ಹೆಸರು ಕುದುರೆ ಸಾರೋಟಿನ ಕಾಲದ್ದು. ಅದರ ಹಿಂಬದಿಯಲ್ಲಿ ಆಳುಗಳು ಕೂರುತ್ತಿದ್ದ ಪೀಠಕ್ಕೆ ಆ ಹೆಸರಿತ್ತು. ಆಳುಗಳು ಇಳಿದರು, ಪೆಟ್ಟಿಗೆಗಳು ಏರಿದವು, ಹೆಸರು ಮಾತ್ರ ಉಳಿಯಿತು.

ಅಮೆರಿಕದಲ್ಲಿ 1919ರಲ್ಲಿ ಮುಚ್ಚಿದ ಮೈಯ ಕಾರುಗಳು ನೂರಕ್ಕೆ ಹತ್ತರಷ್ಟಿದ್ದವು. 1927ರ ಹೊತ್ತಿಗೆ ಎಂಬತ್ತೈದಾದವು. ಆದರೂ ಛಾವಣಿ ಪೂರ್ತಿ ಗಟ್ಟಿಯಾಗಿರಲಿಲ್ಲ. ಮರದ ಪಟ್ಟಿಗಳ ಮೇಲೆ ಮೆತ್ತೆ ಹಾಸಿ, ನೀರಿಳಿಯದ ಬಟ್ಟೆಯನ್ನು ಬಿಗಿದು ಮೊಳೆ ಹೊಡೆಯುತ್ತಿದ್ದರು. ಇಂಥ ನೆತ್ತಿಯ ಮೇಲೆ ಹೊರೆ ಹೇರುವುದೆಂದರೆ ತೊಟ್ಟಿಲಿನ ಮೇಲೆ ಬೀಸುವ ಕಲ್ಲು ಇಟ್ಟಂತೆ. ಆದರೆ ಕಷ್ಟಕ್ಕೆ ಬಿದ್ದವನು ಅದನ್ನೆಲ್ಲ ಲೆಕ್ಕಿಸುತ್ತಾನೆಯೇ? 1930ರ ದಶಕದಲ್ಲಿ ಬರಗಾಲವೂ ಧೂಳಿನ ಬಿರುಗಾಳಿಯೂ ಸೇರಿ ಒಕ್ಲಹೋಮ ಮೊದಲಾದ ರಾಜ್ಯಗಳ ರೈತರನ್ನು ಒಕ್ಕಲೆಬ್ಬಿಸಿದಾಗ, ಅವರು ಹಳೆಯ ಕಾರುಗಳ ಮೇಲೆ ಹಾಸಿಗೆ, ಕುರ್ಚಿ, ಪಾತ್ರೆಪರಡಿಗಳನ್ನು ಹಗ್ಗದಲ್ಲಿ ಬಿಗಿದು ಕ್ಯಾಲಿಫೋರ್ನಿಯದ ದಾರಿ ಹಿಡಿದರು. ಆ ವಲಸೆಗಾರರ ಬದುಕನ್ನು ಡೊರೊಥಿಯಾ ಲ್ಯಾಂಗ್ ಎಂಬಾಕೆ ತೆಗೆದ ಛಾಯಾಚಿತ್ರಗಳು ಲೋಕಪ್ರಸಿದ್ಧವಾಗಿವೆ. ಹೊರೆ ಹೊರಲು ಕ್ಯಾರಿಯರೇ ಬೇಕೆಂದಿಲ್ಲ; ಮನೆ ಬಿಟ್ಟು ಹೊರಡುವ ಅನಿವಾರ್ಯ ಬಂದರೆ ಹಗ್ಗವೇ ಸಾಕು.

ಕ್ಯಾರಿಯರಿಗೆ ನಿಜವಾದ ನೆಲೆ ದೊರಕಿದ್ದು ಉಕ್ಕಿನ ಛಾವಣಿ ಬಂದ ಮೇಲೆ. ಉಕ್ಕಿನ ಗಿರಣಿಗಳು ಅಗಲವಾದ ತಗಡನ್ನು ಒಂದೇ ಹಾಳೆಯಾಗಿ ಹೊರತರುವುದನ್ನು ಕಲಿತಿದ್ದವು. ಜನರಲ್ ಮೋಟಾರ್ಸ್ ಸಂಸ್ಥೆ 1935ರ ಮಾದರಿಗಳಿಗೆ ಒಂದೇ ತಗಡಿನಿಂದ ಅಚ್ಚೊತ್ತಿದ ಛಾವಣಿಯನ್ನು ಹಾಕಿತು. ಉಳಿದವರೂ ಅದೇ ಹಾದಿ ಹಿಡಿದರು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಛಾವಣಿಯ ತಗಡು ಒಂದು, ಪಕ್ಕದ ಗೋಡೆಯ ತಗಡು ಇನ್ನೊಂದು. ಎರಡನ್ನೂ ಎಲ್ಲಿ ಕೂಡಿಸುವುದು? ಎರಡರ ಅಂಚುಗಳನ್ನೂ ಹೊರಕ್ಕೆ ಮಡಿಸಿ, ಒಂದರ ಮೇಲೊಂದಿಟ್ಟು ಬೆಸೆದು, ತುದಿಯನ್ನು ಮೇಲಕ್ಕೆ ಬಾಗಿಸಿದರು. ಹೀಗೆ ಬಾಗಿಲುಗಳ ನೆತ್ತಿಯ ಉದ್ದಕ್ಕೂ ಒಂದು ಸಣ್ಣ ಕಾಲುವೆ ಏರ್ಪಟ್ಟಿತು. ಮಲೆನಾಡಿನ ಮನೆಗಳಲ್ಲಿ ಸೂರಿನ ನೀರು ಅಂಗಳಕ್ಕೆ ಬೀಳದಂತೆ ದೋಣಿ ಕಟ್ಟುತ್ತಾರಲ್ಲ, ಅದೇ ಕೆಲಸವನ್ನು ಇದೂ ಮಾಡಿತು. ಮಳೆಯಲ್ಲಿ ಬಾಗಿಲು ತೆರೆದರೆ ನೀರು ಕುತ್ತಿಗೆಗೆ ಸುರಿಯದೆ ಪಕ್ಕಕ್ಕೆ ಹರಿದುಹೋಯಿತು. ಬೆಸುಗೆಯನ್ನು ಮುಗಿಸಲು ಮಾಡಿದ ಉಪಾಯ, ಮಳೆಗೂ ಆಯಿತು. ಆದರೆ ಅದಕ್ಕೆ ಮೂರನೆಯ ಉಪಯೋಗವೂ ಇತ್ತು. ಎರಡು ಮೂರು ತಗಡು ಸೇರಿದ ಆ ಅಂಚು ಛಾವಣಿಗಿಂತ ಎಷ್ಟೋ ಪಾಲು ಗಟ್ಟಿ. ಛಾವಣಿಯ ನಡುವೆ ಕೈಯೂರಿದರೆ ತಗಡು ತಗ್ಗುತ್ತದೆ; ದೋಣಿಯ ಮೇಲೆ ಭಾರ ಹಾಕಿದರೆ ಅದು ನೇರವಾಗಿ ಕಂಬಗಳಿಗೆ ಇಳಿಯುತ್ತದೆ.

ಕ್ಯಾರಿಯರ್ ಮಾಡುವವರು ಇದನ್ನು ಕಂಡುಕೊಂಡರು. ಚೌಕಟ್ಟಿನ ಕಾಲುಗಳನ್ನು ದೋಣಿಯಲ್ಲಿ ಊರಿಸಿ, ಅದರ ತುಟಿಯ ಕೆಳಗಿನಿಂದ ಒಂದು ಕೊಕ್ಕೆ ಹಾಕಿ, ನಡುವೆ ಬೋಲ್ಟು ಬಿಗಿದರಾಯಿತು. ರಂಧ್ರ ಕೊರೆಯಬೇಕಾಗಿಲ್ಲ, ಬೆಸುಗೆ ಬೇಡ, ಬಣ್ಣ ಕೆಡುವುದಿಲ್ಲ. ಕಾರು ಯಾರು ಮಾಡಿದ್ದಾದರೂ ದೋಣಿ ದೋಣಿಯೇ. ಕಾಲುಗಳ ನಡುವಿನ ಅಂತರವನ್ನು ಹೆಚ್ಚು ಕಡಮೆ ಮಾಡುವ ಅನುಕೂಲವಿದ್ದರೆ ಒಂದೇ ಕ್ಯಾರಿಯರ್ ಹತ್ತು ಕಾರುಗಳಿಗೆ ಸಾಕು. ಎರಡನೆಯ ಮಹಾಯುದ್ಧ ಮುಗಿದು ಯೂರೋಪಿನ ಸಾಮಾನ್ಯ ಸಂಸಾರಗಳೂ ಸಣ್ಣ ಕಾರು ಕೊಂಡು ಬೇಸಗೆಯ ರಜೆಗೆ ಹೊರಟಾಗ ಈ ಚೌಕಟ್ಟು ಮನೆಮನೆಯ ವಸ್ತುವಾಯಿತು. ಸ್ವೀಡನ್ನಿನ ಥೂಲೆ ಎಂಬ ಸಂಸ್ಥೆ 1942ರಲ್ಲಿ ಮೀನು ಹಿಡಿಯುವ ಬೋನು ಮಾರುತ್ತ ಹುಟ್ಟಿದ್ದು. 1960ರ ದಶಕದಲ್ಲಿ ಕಾರಿನ ನೆತ್ತಿಗೆ ಕೈಹಾಕಿ ಜಗತ್ತಿಗೆಲ್ಲ ಹೆಸರಾಯಿತು. ಅಮೆರಿಕದ ಯಾಕಿಮಾ ಸಂಸ್ಥೆ 1973ರಲ್ಲಿ ಹುಟ್ಟಿದ್ದೂ ಹುಟ್ಟುಹಾಕುವ ಸಣ್ಣ ದೋಣಿಗಳ ಸಲಕರಣೆ ಮಾಡುವುದಕ್ಕಾಗಿಯೇ. ಕಾರಿನ ದೋಣಿಗೆ ಕಾಲೂರಿ ನೀರಿನ ದೋಣಿಯನ್ನು ಹೊರುವ ವ್ಯವಸ್ಥೆ ಅದರದು!

ಕೂರಿಸುವ ವಿದ್ಯೆ ಸರಳವಾಗಿತ್ತು. ಆದರೆ ವಿದ್ಯೆ ಇಲ್ಲದೆ ಇರಲಿಲ್ಲ. ದೋಣಿಯ ಕೊಳೆಯನ್ನು ಒರೆಸಬೇಕು. ತುಕ್ಕು ತಿಂದಿದೆಯೇ ಎಂದು ಬೆರಳಾಡಿಸಿ ನೋಡಬೇಕು. ಕಾಲಿನ ಕೆಳಗೆ ರಬ್ಬರಿನ ತುಂಡಿಡಬೇಕು. ಒಂದು ಬದಿಯನ್ನೇ ಪೂರ್ತಿ ಬಿಗಿಯದೆ ಎಡ, ಬಲ, ಹಿಂದೆ, ಮುಂದೆ ಎಂದು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಬರಬೇಕು. ಇಲ್ಲವಾದರೆ ಚೌಕಟ್ಟು ಓರೆಯಾಗುತ್ತದೆ. ಭಾರದ ಪೆಟ್ಟಿಗೆ ಕೆಳಗೆ ಮತ್ತು ನಡುವೆ, ಹಗುರದ ಹಾಸಿಗೆ ಸುರುಳಿ ಮೇಲೆ, ಎಲ್ಲಕ್ಕೂ ಮೇಲೆ ತಾಡಪಾಲು. ಹತ್ತಿಪ್ಪತ್ತು ಮೈಲಿ ಓಡಿದ ಮೇಲೆ ನಿಲ್ಲಿಸಿ, ಬೋಲ್ಟನ್ನೂ ಹಗ್ಗವನ್ನೂ ಇನ್ನೊಮ್ಮೆ ಎಳೆದು ನೋಡಬೇಕು. ಈ ಕೊನೆಯ ಮಾತನ್ನು ಮರೆತವರ ಹೋಲ್ಡಾಲುಗಳು ದಾರಿಯ ಪಾಲಾದದ್ದುಂಟು.

ನಮ್ಮ ದೇಶದಲ್ಲಿ ಈ ದೋಣಿಯ ಕಾಲ ಬಹು ದೀರ್ಘವಾಗಿತ್ತು. 1950ರ ದಶಕದ ಕೊನೆಯಲ್ಲಿ ಕಲ್ಕತ್ತೆಯ ಬಳಿಯ ಉತ್ತರಪಾರಾದ ಕಾರ್ಖಾನೆಯಿಂದ ಹೊರಟ ಅಂಬಾಸಡರ್, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ರೂಪ. ಅದರ ತಯಾರಿಕೆ ನಿಂತದ್ದು 2014ರ ಮೇ ತಿಂಗಳಲ್ಲಿ. ಮುಂಬಯಿಯಲ್ಲಿ ತಯಾರಾದ ಫಿಯಟ್ ಮುಂದೆ ಪ್ರೀಮಿಯರ್ ಪದ್ಮಿನಿಯಾಗಿ ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಬಾಳಿತು. ಎರಡರ ನೆತ್ತಿಗೂ ದೋಣಿ ಇತ್ತು. ಕಾರಿಗಾಗಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಆ ದಿನಗಳಲ್ಲಿ ಒಂದೇ ಕಾರು ಇಡೀ ಕುಟುಂಬದ, ಕೆಲವೊಮ್ಮೆ ಇಡೀ ಬೀದಿಯ, ಆಸ್ತಿ. ಮದುವೆಯ ದಿಬ್ಬಣಕ್ಕೆ, ತಿರುಪತಿ ಧರ್ಮಸ್ಥಳಗಳ ಯಾತ್ರೆಗೆ, ವರ್ಗವಾದ ಅಧಿಕಾರಿಯ ಸಂಸಾರವನ್ನು ಹೊಸ ಊರಿಗೆ ಸಾಗಿಸುವುದಕ್ಕೆ, ಎಲ್ಲಕ್ಕೂ ಅದೇ. ಒಳಗೆ ಎಂಟು ಜನ, ಮೇಲೆ ಅವರ ಎಂಟು ಗಂಟು. ಬಾಳೆಗೊನೆಯಿಂದ ಹಿಡಿದು ತಂಬೂರಿಯವರೆಗೆ ಕ್ಯಾರಿಯರ್ ಹೊರದ ವಸ್ತುವಿಲ್ಲ.

ಟ್ಯಾಕ್ಸಿಗಳಿಗಂತೂ ಅದು ಕಿರೀಟವೇ ಆಯಿತು. ಇದಕ್ಕೆ ಮುಂದೆ ಇನ್ನೊಂದು ಕಾರಣವೂ ಸೇರಿಕೊಂಡಿತು. ಮುಂಬಯಿಯ ಟ್ಯಾಕ್ಸಿಗಳು ಹೊಗೆ ಕಡಮೆ ಮಾಡಲು ಸಿ.ಎನ್.ಜಿ. ಅನಿಲಕ್ಕೆ ತಿರುಗಿದಾಗ ಸಿಲಿಂಡರು ಡಿಕ್ಕಿಯನ್ನು ಆಕ್ರಮಿಸಿತು. ಪ್ರಯಾಣಿಕನ ಪೆಟ್ಟಿಗೆ ಅನಿವಾರ್ಯವಾಗಿ ಮೇಲೇರಿತು. ಚರಿತ್ರೆಯ ವಿನೋದವೆಂದರೆ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಬರ ಬಂದು ಇಂಗ್ಲೆಂಡಿನ ಕಾರುಗಳು ಕಲ್ಲಿದ್ದಲ ಅನಿಲದಿಂದ ಓಡಿದಾಗ, ಅನಿಲದ ದೊಡ್ಡ ಚೀಲವನ್ನೇ ಛಾವಣಿಯ ಮೇಲೆ ಚೌಕಟ್ಟು ಕಟ್ಟಿ ಇಟ್ಟಿದ್ದರು. ಅಲ್ಲಿ ಅನಿಲ ಮೇಲೆ, ಸಾಮಾನು ಕೆಳಗೆ. ಇಲ್ಲಿ ಸಾಮಾನು ಮೇಲೆ, ಅನಿಲ ಕೆಳಗೆ. ಮುಂಬಯಿಯ ರಸ್ತೆಗಳಿಂದ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ಬೀಳ್ಕೊಂಡಿತು.

ಹೊರೆಯ ಮೇಲೆ ಮನುಷ್ಯನ ಬಾಳೇ ಬರೆದಿರುತ್ತದೆ ಎಂಬುದಕ್ಕೆ ಯೂರೋಪಿನ ಹೆದ್ದಾರಿಗಳು ಸಾಕ್ಷಿ. 1961ರಲ್ಲಿ ಪಶ್ಚಿಮ ಜರ್ಮನಿ ತುರ್ಕಿಯೊಡನೆ, 1963ರಲ್ಲಿ ಫ್ರಾನ್ಸ್ ಮೊರಾಕೊದೊಡನೆ ಒಪ್ಪಂದ ಮಾಡಿಕೊಂಡು ಕಾರ್ಮಿಕರನ್ನು ಕರೆಸಿಕೊಂಡವು. ವರ್ಷವಿಡೀ ಕಾರ್ಖಾನೆಯಲ್ಲಿ ದುಡಿದವರು ಬೇಸಗೆಯ ರಜೆಯಲ್ಲಿ ಹಳೆಯ ಕಾರು ಹತ್ತಿ, ಸಾವಿರಾರು ಕಿಲೋಮೀಟರು ದೂರದ ಹುಟ್ಟೂರಿಗೆ ಹೊರಡುತ್ತಿದ್ದರು. ಕಾರಿನ ಮೇಲೆ ಕಾರಿನಷ್ಟೇ ಎತ್ತರದ ಹೊರೆ: ಜಮಖಾನೆ, ಸೈಕಲ್ಲು, ತಂಗಿಯ ಮದುವೆಗೆಂದು ಕೊಂಡ ಸಾಮಾನು. ಪರದೇಶದಲ್ಲಿ ತಾನು ವ್ಯರ್ಥವಾಗಿ ಬೆವರು ಸುರಿಸಲಿಲ್ಲ ಎಂದು ಊರಿಗೆ ತೋರಿಸಲು ಅವನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆ ಹೊರೆಯನ್ನು ಕಟ್ಟಿದ್ದೂ ಅವನದೇ ಕೈ.

ಈ ದೋಣಿಯ ಕಾಲಕ್ಕೆ ಮುಕ್ತಾಯ ಹಾಡಿದ್ದು 1973ರ ತೈಲ ಬಿಕ್ಕಟ್ಟು. ಪೆಟ್ರೋಲಿನ ಬೆಲೆ ಏರಿದಾಗ, ಕಾರು ಗಾಳಿಯನ್ನು ಸೀಳಿಕೊಂಡು ಹೋಗಲು ಎಷ್ಟು ಶಕ್ತಿ ವ್ಯಯಮಾಡುತ್ತದೆ ಎಂಬ ಲೆಕ್ಕ ಮುನ್ನೆಲೆಗೆ ಬಂತು. ಮೈಯಿಂದ ಹೊರಚಾಚಿದ ಅಂಚುಗಳೆಲ್ಲ ಅಪರಾಧಿಗಳಾದವು. ದೋಣಿ ಗಾಳಿಯನ್ನು ತಡೆಯುತ್ತಿತ್ತು, ವೇಗದಲ್ಲಿ ಶಿಳ್ಳೆ ಹಾಕುತ್ತಿತ್ತು, ನೀರು ನಿಂತು ತುಕ್ಕನ್ನೂ ಹಿಡಿಸುತ್ತಿತ್ತು. 1982ರಲ್ಲಿ ಬಂದ ಆಡಿ 100ರಂಥ ಕಾರುಗಳು ಕಿಟಕಿಯ ಗಾಜನ್ನೂ ಮೈಯನ್ನೂ ಒಂದೇ ಸಮಕ್ಕೆ ತಂದವು. ಛಾವಣಿಯ ಬೆಸುಗೆ ಒಳಗೆ ಅಡಗಿತು. ಬಾಗಿಲಿನ ಅಂಚು ಛಾವಣಿಯವರೆಗೂ ಬಾಗಿತು. ನಮ್ಮಲ್ಲಿ ಓಮ್ನಿಯಂಥ ವ್ಯಾನುಗಳಲ್ಲಿ ಮಾತ್ರ ದೋಣಿ ಇನ್ನಷ್ಟು ವರ್ಷ ಉಳಿಯಿತು. ಆ ವ್ಯಾನಿನ ತಯಾರಿಕೆಯೂ 2019ರಲ್ಲಿ ನಿಂತಿತು. ಸೂರು ಹೋದ ಮೇಲೆ ಕ್ಯಾರಿಯರಿಗೆ ಕಾಲೂರಲು ಎಡೆ ಎಲ್ಲಿ?

ಆದ್ದರಿಂದ ಈಗಿನ ಕ್ಯಾರಿಯರಿನ ಕಾಲು ಬಾಗಿಲ ಸಂದಿನಲ್ಲಿ ಕೊಕ್ಕೆ ಹಾಕುತ್ತದೆ, ಇಲ್ಲವೆ ತಯಾರಕನೇ ಇಟ್ಟ ತಿರುಪು ಗುಳಿಯಲ್ಲೋ ಕಂಬಿಯಲ್ಲೋ ಕೂರುತ್ತದೆ. ಒಂದೊಂದು ಮಾದರಿಗೂ ಬೇರೆ ಕೊಕ್ಕೆ, ಬೇರೆ ಅಳತೆ, ಬೇರೆ ಪಟ್ಟಿ. ಇವತ್ತಿಗೂ ಇದನ್ನು ಸ್ವಂತ ಕೈಯಿಂದ ಕೂರಿಸಬಹುದು, ಕಷ್ಟವೇನಲ್ಲ. ಆದರೆ ಕಣ್ಣಳತೆ ಸಾಲದು, ಪುಸ್ತಕದ ಅಳತೆ ಬೇಕು. ಸಣ್ಣ ಕಾರಿನ ಛಾವಣಿಗೆ 50 ಕಿಲೋ, ದೊಡ್ಡದಕ್ಕೆ 75 ಅಥವಾ 100 ಕಿಲೋ ಎಂದು ಮಿತಿ ಹೇಳುವುದು ವಾಡಿಕೆ. ಕ್ಯಾರಿಯರಿನ ಸ್ವಂತ ತೂಕವನ್ನೂ ಸಾಮಾನ್ಯವಾಗಿ ಅದರಲ್ಲೇ ಲೆಕ್ಕ ಹಿಡಿಯಬೇಕು. ತಗಡಿಗೆ ರಂಧ್ರ ಕೊರೆಯುವ ಸಾಹಸವಂತೂ ಬೇಡ. ವಾಹನದ ಮೂಲರೂಪವನ್ನು ಬದಲಿಸಬಾರದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಅನುಮಾನವಿದ್ದರೆ ಸಾರಿಗೆ ಕಚೇರಿಯಲ್ಲಿ ಕೇಳಿಕೊಳ್ಳುವುದು ಲೇಸು. ಇನ್ನೊಂದು ಮಾತು: ಕೆಲಸವಾದ ಮೇಲೆ ಬಿಚ್ಚಿಡಬೇಕು. ಅಮೆರಿಕದ ಇಬ್ಬರು ಸಂಶೋಧಕರು 2016ರಲ್ಲಿ ಲೆಕ್ಕ ಹಾಕಿದಂತೆ, ಕಾರಿನ ಮೇಲಿನ ಈ ಚೌಕಟ್ಟುಗಳಿಂದ ಆ ದೇಶದಲ್ಲಿ ವರ್ಷಕ್ಕೆ ಹತ್ತು ಕೋಟಿ ಗ್ಯಾಲನ್ ಪೆಟ್ರೋಲು ಹೆಚ್ಚಿಗೆ ಉರಿಯುತ್ತದೆ. ಇದರಲ್ಲಿ ಬರಿದಾಗಿ ಓಡಾಡುವ ಚೌಕಟ್ಟುಗಳ ಪಾಲೂ ಇದೆ.

ಹಾಗೆಂದು ಹಳೆಯದೆಲ್ಲ ಹೊನ್ನು ಎನ್ನುವಂತಿಲ್ಲ. ಕಡಮೆ ಉರಿಯುವ ಪೆಟ್ರೋಲು, ಸದ್ದಿಲ್ಲದ ಓಟ, ತುಕ್ಕು ಹಿಡಿಯದ ಅಂಚು, ಇವು ನಿಜವಾದ ಲಾಭಗಳು. ಆದರೆ ಲಾಭದ ಜೊತೆಗೆ ಹೋದದ್ದೇನೆಂದೂ ಲೆಕ್ಕದಲ್ಲಿ ಬರೆದಿಡುವುದು ಚರಿತ್ರೆಯ ಕೆಲಸ. ದೋಣಿಯನ್ನು ಯಾರೂ ಕ್ಯಾರಿಯರಿಗೆಂದು ಮಾಡಿರಲಿಲ್ಲ. ಬೆಸುಗೆ ಮುಚ್ಚಲು, ಮಳೆ ತಡೆಯಲು ಮಾಡಿದ್ದರು. ಆದರೂ ಅದು ಬಳಸುವವನ ಕೈಗೆ ಒಂದು ಹಿಡಿ ಕೊಟ್ಟಿತ್ತು. ಮಾಡಿದವನು ನೆನೆಯದ ಉಪಯೋಗವನ್ನು ಕೊಂಡವನು ಅದರಲ್ಲಿ ಕಂಡುಕೊಂಡ. ಇಂದಿನ ನುಣುಪಾದ ಕಾರಿನಲ್ಲಿ ಅಂಥ ಹಿಡಿ ಇಲ್ಲ. ಎಲ್ಲಿ ಕೈಯಿಡಬೇಕೆಂಬುದನ್ನೂ ಮಾಡಿದವನೇ ಹೇಳಿಕೊಡಬೇಕು. ನಮ್ಮ ಮನೆಯೊಳಗಿನ ಎಷ್ಟೋ ಯಂತ್ರಗಳ ವಿಷಯದಲ್ಲೂ ಈ ಮಾತು ನಿಜವಾಗುತ್ತಿದೆ. ಹೊರೆಯೇನೋ ಕಡಮೆಯಾಗಿಲ್ಲ. ಸಂಸಾರ ಊರು ಬದಲಿಸುತ್ತಲೇ ಇದೆ, ಮಗಳು ಹಾಸ್ಟೆಲಿಗೆ ಹೊರಡುತ್ತಾಳೆ, ದಿಬ್ಬಣ ಏಳುತ್ತದೆ. ಅದನ್ನು ತಾನೇ ಕಟ್ಟಿ, ತಾನೇ ಎಳೆದು ನೋಡಿ, ಸರಿಯಿದೆ ಎಂದು ಹೊರಡುವವನ ಧೈರ್ಯಕ್ಕೆ ಆ ಅಂಗುಲದಗಲದ ಸೂರು ಬಹುಕಾಲ ಆಸರೆಯಾಗಿತ್ತು.