ಕರೆಂಟಿಗೂ ಮುಂಚಿನ ಮಳೆಗಾಲದ ದಾಸ್ತಾನು

ಮಲೆನಾಡಿನ ಹಳೆಯ ಮನೆಗಳಲ್ಲಿ ಮಳೆಗಾಲದ ತಯಾರಿ ಶುರುವಾಗುತ್ತಿದ್ದದ್ದು ಬೇಸಿಗೆಯ ಬಿಸಿಲಿನಲ್ಲೇ. ಮೃಗಶಿರ ಮಳೆ ಹಿಡಿಯುವ ಮೊದಲು ಒಣ ಕಟ್ಟಿಗೆ ಸೂರಿನಡಿ ಸೇರಬೇಕಿತ್ತು. ಹಲಸಿನ ಹಪ್ಪಳ, ಸಂಡಿಗೆ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ, ಅಪ್ಪೆಮಿಡಿ ಉಪ್ಪಿನಕಾಯಿ, ಒಣಮೀನು, ಬೆಲ್ಲ, ಉಪ್ಪು, ಬೆಂಕಿಪೊಟ್ಟಣ, ಸೀಮೆಎಣ್ಣೆ ಎಲ್ಲವೂ ಲೆಕ್ಕ ಹಾಕಿ ಅಟ್ಟ ಏರುತ್ತಿದ್ದವು.

ಇದು ಬಾಯಿಚಪಲಕ್ಕೆ ಮಾಡಿದ್ದಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಳ್ಳ ಉಕ್ಕಿ ಕಾಲುಸಂಕ ಕೊಚ್ಚಿಹೋದರೆ ಸಂತೆಗೆ ದಾರಿಯೇ ಇಲ್ಲ. ಬಯಲುಸೀಮೆಯವರ ಭಯ ಬೇರೆ, ಬರಗಾಲದ್ದು. ಅದಕ್ಕೇ ಉತ್ತರ ಕರ್ನಾಟಕದಲ್ಲಿ ನೆಲದಡಿಯ ಹಗೇವುಗಳಲ್ಲಿ ಜೋಳ ತುಂಬಿಡುತ್ತಿದ್ದರು. ಭಯ ಬೇರೆಯಾದರೂ ಬುದ್ಧಿ ಒಂದೇ: ಕಷ್ಟ ಬರುವ ಮೊದಲೇ ಕೂಡಿಡುವುದು.

ನಮ್ಮ ನಾಡಿಗೆ ಕರೆಂಟ್ ಬೇಗ ಬಂತು, ಆದರೆ ಎಲ್ಲರಿಗೂ ಅಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಬೆಳಗಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಇಡೀ ರಾಜ್ಯಕ್ಕೆ ಬೆಳಕು ಕೊಟ್ಟಳು. ಆದರೆ ಅದಕ್ಕಾಗಿ ಮನೆ, ಗದ್ದೆ ಮುಳುಗಿಸಿಕೊಂಡವರ ಎಷ್ಟೋ ಊರುಗಳು ಆಮೇಲೂ ದಶಕಗಳ ಕಾಲ ಚಿಮಣಿ ಬುಡ್ಡಿಯ ಬೆಳಕಿನಲ್ಲೇ ಉಳಿದವು.

ಕೊನೆಗೆ ಕರೆಂಟ್ ನಮ್ಮ ಮನೆಗಳಿಗೂ ಬಂತು. ಒರಳಿನ ಜಾಗಕ್ಕೆ ಮಿಕ್ಸಿ, ರಾಟೆಯ ಜಾಗಕ್ಕೆ ಪಂಪು, ಅಟ್ಟದ ಜಾಗಕ್ಕೆ ಫ್ರಿಜ್ ಬಂದವು. ಹೆಂಗಸರ ದುಡಿಮೆ ಹಗುರವಾಯಿತು, ಅದು ಒಳ್ಳೆಯದೇ. ಆದರೆ ಇನ್ನೊಂದು ಬದಲಾವಣೆ ನಮ್ಮ ಗಮನಕ್ಕೆ ಬರಲಿಲ್ಲ. ಅಜ್ಜಿಯ ಕಾಲದಲ್ಲಿ ಕತ್ತಲಾದರೆ ಬೆಳಕು ಮಾತ್ರ ಇರುತ್ತಿರಲಿಲ್ಲ. ಈಗ ಕರೆಂಟ್ ಹೋದರೆ ಬೋರ್‌ವೆಲ್ ನೀರು, ಹಿಟ್ಟಿನ ಗಿರಣಿ, ಫೋನ್ ಎಲ್ಲವೂ ಒಂದೊಂದಾಗಿ ನಿಲ್ಲುತ್ತವೆ.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ರಸ್ತೆ, ಕಂಬ ಒಟ್ಟಿಗೆ ಹೋದವು. ಹಲವು ಊರುಗಳು ದಿನಗಟ್ಟಲೆ ಹೊರಜಗತ್ತಿನ ಸಂಪರ್ಕವಿಲ್ಲದೆ ಕಳೆದವು. ಕರೆಂಟ್ ಹೋಗಲು ನಮ್ಮೂರಿನ ಕಂಬವೇ ಬೀಳಬೇಕೆಂದೂ ಇಲ್ಲ. 2012ರ ಜುಲೈ 31ರಂದು ಉತ್ತರ, ಪೂರ್ವ, ಈಶಾನ್ಯ ಭಾರತದ ಜಾಲಗಳು ಕುಸಿದು ಸುಮಾರು 60 ಕೋಟಿ ಜನರಿರುವ ಪ್ರದೇಶ ಕತ್ತಲಾಯಿತು. ಆಗ ದಕ್ಷಿಣದ ಜಾಲ ಬೇರೆಯಾಗಿದ್ದರಿಂದ ನಾವು ಉಳಿದೆವು. 2013ರ ಕೊನೆಯಲ್ಲಿ ರಾಯಚೂರು-ಸೊಲ್ಲಾಪುರ ಮಾರ್ಗದ ಮೂಲಕ ನಾವೂ ಅದೇ ಜಾಲಕ್ಕೆ ಸೇರಿದೆವು.

ಹಾಗಾಗಿ ಅಜ್ಜಿಯ ಪಟ್ಟಿಯನ್ನು ಮತ್ತೆ ತೆಗೆಯಬೇಕು, ಆದರೆ ಅದರಲ್ಲಿ ಈಗ ಮೊದಲ ಸಾಲು ನೀರಿನದು. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ಹಿಡಿದರೂ ಐದು ಜನರ ಮನೆಗೆ ವಾರಕ್ಕೆ 140 ಲೀಟರ್ ಬೇಕು. ಮುಚ್ಚಳವಿರುವ ಎರಡು ದೊಡ್ಡ ಡ್ರಮ್ಮು ಸಾಕು. ಜೊತೆಗೆ ಬೇಯಿಸದೆ ತಿನ್ನಬಹುದಾದ ಅವಲಕ್ಕಿ, ಬೆಲ್ಲ, ಶೇಂಗಾ. ಟಾರ್ಚು, ಸೆಲ್ಲು, ಸೆಲ್ಲಿನಲ್ಲಿ ಓಡುವ ರೇಡಿಯೊ, ತುಂಬಿಸಿಟ್ಟ ಪವರ್ ಬ್ಯಾಂಕ್. ಬಿಪಿ, ಶುಗರ್ ಮಾತ್ರೆ ಎರಡು ವಾರಕ್ಕಾಗುವಷ್ಟು. ಮನೆಯಲ್ಲಿ ಇನ್ಸುಲಿನ್ ತಗೊಳ್ಳುವವರಿದ್ದರೆ ಫ್ರಿಜ್ ನಿಂತಾಗ ಏನು ಮಾಡಬೇಕೆಂದು ಡಾಕ್ಟರನ್ನು ಈಗಲೇ ಕೇಳಿಡಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆ, ಜನರೇಟರ್ ಬೇಡವೇ ಬೇಡ, ಅದರ ವಿಷಗಾಳಿ ಜೀವ ತೆಗೆಯುತ್ತದೆ.

ನಿಮ್ಮ ಮನೆಯ ಹಿರಿಯರನ್ನು ಇವತ್ತು ಒಂದು ಮಾತು ಕೇಳಿ: ಆಗ ಅಟ್ಟದ ಮೇಲೆ ಏನೇನು ಇಡುತ್ತಿದ್ದಿರಿ? ಅವರು ಹೇಳಿದ್ದನ್ನು ಬರೆದುಕೊಂಡು, ಈಗ ಬೇಕಾದ್ದನ್ನು ಅದಕ್ಕೆ ಸೇರಿಸಿ. ಮಳೆ ಹಿಡಿಯುವುದಕ್ಕೆ ಮುಂಚೆ ಇಷ್ಟು ಮಾಡಿಕೊಂಡರೆ ಸಾಕು.