ನಿಂತ ಹೃದಯಕ್ಕೆ ಎರಡು ಕೈ

ವಿದ್ಯುತ್ ಬಳಸುವ ಯಾವ ಕಾರ್ಖಾನೆಗೆ ಹೋದರೂ ಎದ್ದು ಕಾಣುವ ಗೋಡೆಯ ಮೇಲೆ ಒಂದು ಫಲಕ ಇರಬೇಕು. ಶಾಕ್ ಹೊಡೆದು ಬಿದ್ದವನನ್ನು ಬದುಕಿಸುವ ಕ್ರಮವನ್ನು ತಿಳಿಸುವ ಫಲಕ ಅದು. 1956ರ ಭಾರತೀಯ ವಿದ್ಯುತ್ ನಿಯಮಗಳ 44ನೆಯ ನಿಯಮ ಇದನ್ನು ಕಡ್ಡಾಯ ಮಾಡಿತು. ಇಂಗ್ಲಿಷ್ ಅಥವಾ ಹಿಂದಿಯ ಜೊತೆಗೆ ಆಯಾ ಜಿಲ್ಲೆಯ ಭಾಷೆಯಲ್ಲೂ ಸೂಚನೆಗಳಿರಬೇಕು ಎಂದು ವಿಧಿಸಿತು. ಹೀಗಾಗಿ, ಸಾವಿನ ದವಡೆಯಿಂದ ಮನುಷ್ಯನನ್ನು ಎಳೆದು ತರುವ ವಿದ್ಯೆಯನ್ನು ವೈದ್ಯರಲ್ಲದ ಕನ್ನಡಿಗರಿಗೆ ಕಲಿಸಿದ ಪಾಠಗಳಲ್ಲಿ ಈ ಫಲಕಕ್ಕೂ ಒಂದು ಸ್ಥಾನವಿದೆ. ಇಂದು ಆಂಬುಲೆನ್ಸ್‌ನಲ್ಲಿ ರೋಗಿಯ ಎದೆಯನ್ನು ತಾನೇ ಒತ್ತುವ ಯಂತ್ರಗಳು ಬಂದಿವೆ. ಕುತೂಹಲದ ಸಂಗತಿಯೆಂದರೆ, ಆ ಯಂತ್ರದ ಕಥೆ ಆರಂಭವಾಗುವುದೂ ಆಸ್ಪತ್ರೆಯಿಂದಲ್ಲ, ವಿದ್ಯುತ್ ಕಂಬದ ಬುಡದಿಂದ.

ಬೆಳಕಿನ ಜಿಲ್ಲೆ

ಈ ಕಥೆಯನ್ನು ಶಿವಮೊಗ್ಗ ಜಿಲ್ಲೆಯಲ್ಲಿ ನಿಂತು ಕೇಳುವುದಕ್ಕೆ ಅರ್ಥವಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿದ ಮೈಸೂರು ಸಂಸ್ಥಾನ ಮುಂದೆ ಕಣ್ಣಿಟ್ಟದ್ದು ಶರಾವತಿಯ ಮೇಲೆ. 1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸ ಆರಂಭಿಸಿತು. 1960ರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತ ಮೇಲೆ ನಾಡಿನ ದೀಪಗಳಿಗೆ ಎಣ್ಣೆ ಹೊಯ್ದದ್ದು ಈ ಜಿಲ್ಲೆಯೇ ಎಂದರೆ ತಪ್ಪಾಗಲಾರದು. ಇತ್ತ ಭದ್ರಾವತಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಆಸ್ಥೆಯಿಂದ ರೂಪುಗೊಂಡ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತ್ತು. ಮೊದಲು ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದ ಉರಿದ ಅದರ ಕುಲುಮೆಗಳ ಜೊತೆಗೆ ಜೋಗದ ವಿದ್ಯುತ್ತಿನ ಬಲದಿಂದ ವಿದ್ಯುತ್ ಕುಲುಮೆಗಳೂ ಬಂದವು. ಕಂಬ ಹತ್ತುವ ಲೈನ್‌ಮನ್‌ಗಳು, ಕುಲುಮೆಯ ಬಳಿ ದುಡಿಯುವ ಕಾರ್ಮಿಕರು ಇಲ್ಲಿ ಸಾವಿರ ಸಂಖ್ಯೆಯಲ್ಲಿದ್ದರು. 1948ರ ಕಾರ್ಖಾನೆ ಕಾಯ್ದೆ ಪ್ರತಿ 150 ಕಾರ್ಮಿಕರಿಗೆ ಒಂದರಂತೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇಡಬೇಕೆಂದಿತು. 500ಕ್ಕಿಂತ ಹೆಚ್ಚು ಜನ ಕೆಲಸ ಮಾಡುವಲ್ಲಿ ಪ್ರತ್ಯೇಕ ಚಿಕಿತ್ಸಾ ಕೊಠಡಿಯೇ ಇರಬೇಕೆಂದಿತು.

ಹಾಗಾದರೆ ಆ ಕಾಲದ ಫಲಕಗಳು ಹೇಳಿಕೊಡುತ್ತಿದ್ದುದೇನು? ಮುಖ್ಯವಾಗಿ ಉಸಿರಾಟದ ಪಾಠ. ಎಡಿನ್‌ಬರೊದ ಶರೀರವಿಜ್ಞಾನಿ ಷೇಫರ್ 1903ರಲ್ಲಿ ರೂಪಿಸಿದ ವಿಧಾನದಲ್ಲಿ ಬಿದ್ದವನನ್ನು ಬೋರಲು ಮಲಗಿಸಿ, ಬೆನ್ನಿನ ಕೆಳಭಾಗದ ಪಕ್ಕೆಲುಬುಗಳ ಮೇಲೆ ನಿಮಿಷಕ್ಕೆ ಹನ್ನೆರಡು ಹದಿನೈದು ಬಾರಿ ಒತ್ತಿ ಬಿಡುತ್ತಿದ್ದರು. ಅದಕ್ಕೂ ಹಿಂದಿನ ಸಿಲ್ವೆಸ್ಟರ್ ವಿಧಾನದಲ್ಲಿ ಅಂಗಾತ ಮಲಗಿಸಿ ತೋಳುಗಳನ್ನು ತಲೆಯ ಕಡೆಗೆ ಎಳೆದು, ಮತ್ತೆ ಎದೆಗೆ ಒತ್ತಬೇಕಿತ್ತು. ಡೆನ್ಮಾರ್ಕಿನ ಹೋಲ್ಗರ್ ನೀಲ್ಸನ್ 1932ರಲ್ಲಿ ಸೂಚಿಸಿದ ಇನ್ನೊಂದು ಕ್ರಮವೂ ಇತ್ತು. ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಕಲಿತವರಿಗೆ ಈ ಹೆಸರುಗಳು ಅಪರಿಚಿತವಲ್ಲ. ಇವೆಲ್ಲ ನೀರಲ್ಲಿ ಮುಳುಗಿದವರನ್ನು ಕಣ್ಣ ಮುಂದಿಟ್ಟುಕೊಂಡು ಬೆಳೆದ ವಿಧಾನಗಳು. ಶ್ವಾಸಕೋಶಕ್ಕೆ ಒಂದಿಷ್ಟು ಗಾಳಿಯಾಡಬಹುದು, ಆದರೆ ನಿಂತುಹೋದ ಹೃದಯಕ್ಕೆ ಇವುಗಳಲ್ಲಿ ಉತ್ತರವಿರಲಿಲ್ಲ.

ಮುಳ್ಳನ್ನು ಮುಳ್ಳಿನಿಂದ

ವಿದ್ಯುತ್ ತಗುಲಿದವನು ಸಾಯುವುದು ಹೇಗೆ ಎಂಬುದರ ಸುಳಿವು 1899ರಲ್ಲೇ ಸಿಕ್ಕಿತ್ತು. ಜಿನೀವಾದ ಪ್ರೆವೋ ಮತ್ತು ಬಟೆಲ್ಲಿ ನಾಯಿಗಳ ಮೇಲೆ ಪ್ರಯೋಗ ನಡೆಸಿ, ಸಣ್ಣ ಪ್ರಮಾಣದ ವಿದ್ಯುತ್ ಹೃದಯದ ಲಯವನ್ನು ಕೆಡಿಸಿ ಅದನ್ನು ಬರಿದೇ ಅದುರುವಂತೆ ಮಾಡುತ್ತದೆ ಎಂದು ಕಂಡರು. ಅದುರುವ ಹೃದಯ ರಕ್ತವನ್ನು ತಳ್ಳಲಾರದು. ಆದರೆ ಇನ್ನೂ ಬಲವಾದ ಆಘಾತ ಕೊಟ್ಟರೆ ಅದೇ ಅದುರುವಿಕೆ ನಿಲ್ಲುವುದನ್ನೂ ಅವರು ಗಮನಿಸಿದರು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಉಪಾಯವಿದು. ಇದು ಮನುಷ್ಯನ ಉಪಯೋಗಕ್ಕೆ ಬರಲು ಅರ್ಧ ಶತಮಾನವೇ ಹಿಡಿಯಿತು. 1947ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್‌ನ ಶಸ್ತ್ರವೈದ್ಯ ಕ್ಲಾಡ್ ಬೆಕ್, 14 ವರ್ಷದ ಹುಡುಗನೊಬ್ಬನ ತೆರೆದ ಎದೆಯೊಳಗೆ ಹೃದಯಕ್ಕೇ ವಿದ್ಯುತ್ ಕೊಟ್ಟು ಬದುಕಿಸಿದರು. 1956ರಲ್ಲಿ ಬಾಸ್ಟನ್ನಿನ ಪಾಲ್ ಜೋಲ್ ಎದೆಯನ್ನು ತೆರೆಯದೆಯೇ ಅದನ್ನು ಸಾಧಿಸಿದರು.

ಇತ್ತ ಅಮೆರಿಕದ ವಿದ್ಯುತ್ ಕಂಪನಿಗಳಿಗೆ ತಮ್ಮ ಲೈನ್‌ಮನ್‌ಗಳ ಸಾವಿನ ಚಿಂತೆ ಹತ್ತಿತ್ತು. ಅವರ ನೆರವಿನಿಂದ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಸಂಶೋಧನೆ ನಡೆಸಿದ ವಿಲಿಯಂ ಕೌವೆನ್‌ಹೋವನ್ ವೈದ್ಯರಲ್ಲ, ವಿದ್ಯುತ್ ಎಂಜಿನಿಯರ್. 1958ರ ಸುಮಾರಿಗೆ ಅವರ ಪ್ರಯೋಗಾಲಯದಲ್ಲಿದ್ದ ಗೈ ನಿಕರ್‌ಬಾಕರ್ ಒಂದು ವಿಚಿತ್ರವನ್ನು ಗಮನಿಸಿದರು. ವಿದ್ಯುತ್ ಕೊಡಲೆಂದು ಭಾರವಾದ ತಟ್ಟೆಗಳನ್ನು ನಾಯಿಯ ಎದೆಗೆ ಒತ್ತಿದಾಗ, ವಿದ್ಯುತ್ ಹರಿಯುವ ಮೊದಲೇ ರಕ್ತದೊತ್ತಡ ತುಸು ಏರುತ್ತಿತ್ತು! ಅಂದರೆ ಎದೆಯನ್ನು ಒತ್ತಿದರೆ ಸಾಕು, ರಕ್ತ ಚಲಿಸುತ್ತದೆ. ಶಸ್ತ್ರವೈದ್ಯ ಜೇಮ್ಸ್ ಜೂಡ್ ಇದನ್ನು ರೋಗಿಗಳ ಮೇಲೆ ಪ್ರಯೋಗಿಸಿದರು. ಜುಲೈ 1960ರಲ್ಲಿ ಮೂವರೂ ಸೇರಿ ಪ್ರಕಟಿಸಿದ ವರದಿಯಲ್ಲಿದ್ದ 20 ರೋಗಿಗಳಲ್ಲಿ 14 ಮಂದಿ ಬದುಕುಳಿದಿದ್ದರು. ಇದಕ್ಕೆ ಉಪಕರಣ ಬೇಡ, ಎರಡು ಕೈಗಳಿದ್ದರೆ ಸಾಕು ಎಂಬುದೇ ಆ ವರದಿಯ ಸಾರ. ಜರ್ಮನಿಯ ಗಟಿಂಗೆನ್‌ನಲ್ಲಿ ಫ್ರೀಡ್ರಿಷ್ ಮಾಸ್ ಎಂಬ ವೈದ್ಯರು 1891ರಲ್ಲೇ ಹೀಗೆ ಎದೆ ಒತ್ತಿ ಜೀವ ಉಳಿಸಿದ್ದರು. ಜಗತ್ತು ಅದನ್ನು ಮರೆತಿತ್ತು.

ಬಾಲ್ಟಿಮೋರ್‌ನ ಅರಿವಳಿಕೆ ತಜ್ಞ ಪೀಟರ್ ಸಫಾರ್ ಬಾಯಿಗೆ ಬಾಯಿಟ್ಟು ಉಸಿರು ಕೊಡುವ ವಿಧಾನವೇ ಹಳೆಯ ಬೋರಲು ವಿಧಾನಗಳಿಗಿಂತ ಮೇಲು ಎಂದು ಅಷ್ಟರಲ್ಲಿ ತೋರಿಸಿಕೊಟ್ಟಿದ್ದರು. ಎರಡೂ ಸೇರಿ ಇಂದು ಸಿ.ಪಿ.ಆರ್. ಎಂದು ಹೆಸರಾದ ವಿದ್ಯೆ ಹುಟ್ಟಿತು. ಇದನ್ನು ಕಲಿಸಲು ಬೊಂಬೆಯನ್ನು ಮಾಡಿಕೊಟ್ಟವರು ನಾರ್ವೆಯ ಆಟಿಕೆ ತಯಾರಕ ಆಸ್ಮಂಡ್ ಲೇರ್ಡಾಲ್. ಎಂಜಿನಿಯರ್, ವೈದ್ಯ, ಬೊಂಬೆ ಮಾಡುವವ ಮೂವರೂ ಕೈಜೋಡಿಸಿದ ಅಪರೂಪದ ಆವಿಷ್ಕಾರವಿದು.

ಆಸ್ಪತ್ರೆ ಬೀದಿಗೆ ಬಂತು

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಹೃದಯಾಘಾತ ಬೇರೆ, ಹೃದಯಸ್ತಂಭನ ಬೇರೆ. ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು ಹೃದಯಾಘಾತ. ರೋಗಿ ಎದೆನೋವೆಂದು ಹೇಳಬಲ್ಲ, ಆಟೋ ಹತ್ತಿ ಆಸ್ಪತ್ರೆಗೂ ಹೋಗಬಲ್ಲ. ಹೃದಯ ರಕ್ತ ತಳ್ಳುವುದನ್ನೇ ನಿಲ್ಲಿಸುವುದು ಹೃದಯಸ್ತಂಭನ. ರೋಗಿ ಕ್ಷಣಾರ್ಧದಲ್ಲಿ ಕುಸಿಯುತ್ತಾನೆ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು. ರಕ್ತ ಹರಿಯದೆ ನಾಲ್ಕಾರು ನಿಮಿಷ ಕಳೆದರೆ ಮೆದುಳಿಗೆ ಹಾನಿ ಆರಂಭವಾಗುತ್ತದೆ. ಏನೂ ಮಾಡದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡ 7ರಿಂದ 10ರಷ್ಟು ಇಳಿಯುತ್ತದೆ.

ಆದ್ದರಿಂದಲೇ ರೋಗಿ ಆಸ್ಪತ್ರೆಗೆ ಬರುವವರೆಗೆ ಕಾಯಬಾರದು, ಆಸ್ಪತ್ರೆಯೇ ರೋಗಿಯ ಬಳಿ ಹೋಗಬೇಕು ಎಂಬ ಯೋಚನೆ ಮೂಡಿತು. 1966ರಲ್ಲಿ ಬೆಲ್‌ಫಾಸ್ಟ್‌ನ ಫ್ರಾಂಕ್ ಪ್ಯಾಂಟ್ರಿಜ್ ಕಾರಿನ ಬ್ಯಾಟರಿಗಳಿಂದ ನಡೆಯುವ ಸುಮಾರು 70 ಕಿಲೋ ತೂಕದ ಡಿಫಿಬ್ರಿಲೇಟರ್ ಯಂತ್ರವನ್ನು ಆಂಬುಲೆನ್ಸ್‌ಗೆ ಏರಿಸಿದರು. ಸುಧಾರಿತ ಜೀವರಕ್ಷಣೆ ಎಂದು ಇಂದು ಕರೆಯುವುದರ ಬೀಜ ಅದು. ಎದೆ ಒತ್ತುವುದರ ಜೊತೆಗೆ ಹೃದಯದ ಲಯವನ್ನು ಪರದೆಯ ಮೇಲೆ ನೋಡುವುದು, ಬೇಕಾದರೆ ವಿದ್ಯುತ್ ಆಘಾತ ಕೊಡುವುದು, ಗಂಟಲಿಗೆ ನಳಿಕೆ ಇಳಿಸಿ ಆಮ್ಲಜನಕ ಹಾಯಿಸುವುದು, ಮೂರರಿಂದ ಐದು ನಿಮಿಷಕ್ಕೊಮ್ಮೆ ಅಡ್ರಿನಲಿನ್ ಚುಚ್ಚುವುದು ಇದರ ಅಂಗಗಳು.

ಕರ್ನಾಟಕದಲ್ಲಿ 108 ‘ಆರೋಗ್ಯ ಕವಚ’ ಸೇವೆ 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ, ಆರಂಭವಾಯಿತು. ಮೂಲಭೂತ ಸೌಕರ್ಯದ ಬಿ.ಎಲ್.ಎಸ್. ಮತ್ತು ಸುಧಾರಿತ ಸೌಕರ್ಯದ ಎ.ಎಲ್.ಎಸ್. ಎಂದು ಅದರ ವಾಹನಗಳಲ್ಲಿ ಎರಡು ಬಗೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಹೃದಯದ ಮಾತು ಮನೆಮನೆಯ ಮಾತಾಯಿತು. 2023ರಲ್ಲಿ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ‘ಹೃದಯ ಜ್ಯೋತಿ’ ಯೋಜನೆಯನ್ನು ರೂಪಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ನೋಡಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡಿಸುವುದು ಅದರ ತಿರುಳು. ಆಘಾತ ಸ್ತಂಭನಕ್ಕೆ ತಿರುಗದಂತೆ ತಡೆಯುವ ದಾರಿ ಇದು.

ಬಿ.ಎಚ್. ರಸ್ತೆಯ ಲೆಕ್ಕ

ಭದ್ರಾವತಿ, ಶಿವಮೊಗ್ಗ ಎರಡೂ ಊರುಗಳ ನಡುವೆ ಹಾದುಹೋಗುವ ಬೆಂಗಳೂರು–ಹೊನ್ನಾವರ ಹೆದ್ದಾರಿಯನ್ನು ಜನ ಬಿ.ಎಚ್. ರಸ್ತೆ ಎನ್ನುತ್ತಾರೆ. ಭದ್ರಾವತಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸುಮಾರು 20 ಕಿಲೋಮೀಟರ್. ಅರ್ಧ ಗಂಟೆಯ ದಾರಿ ಎಂದಿಟ್ಟುಕೊಳ್ಳೋಣ. ಎದೆಯನ್ನು ನಿಮಿಷಕ್ಕೆ 100ರಿಂದ 120 ಬಾರಿ, ಪ್ರತಿ ಸಲವೂ 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಅಂದರೆ ಈ ದಾರಿಯಲ್ಲಿ 3,000ದಿಂದ 3,600 ಒತ್ತುಗಳು! ಎಂಥ ಗಟ್ಟಿಗನಿಗೂ ಎರಡು ನಿಮಿಷದೊಳಗೆ ತೋಳು ಸೋಲುತ್ತದೆ. ಒತ್ತಿನ ಆಳ ಅವನಿಗೆ ತಿಳಿಯದಂತೆಯೇ ಕಡಿಮೆಯಾಗುತ್ತದೆ. ಸರದಿ ಬದಲಿಸಲು ವಾಹನದೊಳಗೆ ಜನವಿರುವುದಿಲ್ಲ. ಪ್ರತಿ ಹಂಪಿಗೂ ತಿರುವಿಗೂ ಒತ್ತುವ ಕೈ ಜಾರುತ್ತದೆ. ಓಡುವ ವಾಹನದಲ್ಲಿ ಬೆಲ್ಟ್ ಇಲ್ಲದೆ ನಿಂತು ಒತ್ತುವ ಸಿಬ್ಬಂದಿಯ ಜೀವಕ್ಕೂ ಅಪಾಯ.

ಯಂತ್ರ ಬೇಕೆನಿಸಿದ್ದು ಇಂಥ ಕಡೆ. 1960ರ ದಶಕದಲ್ಲೇ ಅಮೆರಿಕದ ಮಿಷಿಗನ್‌ನಲ್ಲಿ ಅನಿಲದ ಒತ್ತಡದಿಂದ ಕೊಂತವನ್ನು ಮೇಲೆ ಕೆಳಗೆ ಆಡಿಸುವ ‘ಥಂಪರ್’ ತಯಾರಾಗಿತ್ತು. 1990ರಲ್ಲಿ ಅಲ್ಲಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಸೋಜಿಗದ ಪ್ರಕರಣ ವರದಿಯಾಯಿತು. ಕುಸಿದು ಬಿದ್ದ ತಂದೆಯ ಎದೆಯನ್ನು ಮಗ ಶೌಚಾಲಯದ ಕಟ್ಟು ಬಿಡಿಸುವ ರಬ್ಬರ್ ಬಟ್ಟಲಿನಿಂದ ಒತ್ತಿ ಎಳೆದು ಬದುಕಿಸಿದ್ದ! ಒತ್ತುವುದಷ್ಟೇ ಅಲ್ಲ, ಎದೆಯನ್ನು ಮೇಲಕ್ಕೆ ಎತ್ತುವುದರಿಂದಲೂ ಲಾಭವಿರಬಹುದೆಂಬ ಯೋಚನೆಗೆ ಇದು ದಾರಿಯಾಯಿತು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಹೆಸರನ್ನೇ ಹೊತ್ತ ‘ಲ್ಯೂಕಾಸ್’ ಯಂತ್ರದಲ್ಲಿ ಎದೆಗೆ ಅಂಟಿಕೊಳ್ಳುವ ಅಂಥದೇ ಬಟ್ಟಲಿದೆ. ರೋಗಿಯ ಬೆನ್ನ ಕೆಳಗೊಂದು ಹಲಗೆ, ಮೇಲೊಂದು ಕಮಾನು, ನಡುವೆ ಕೊಂತ. ಬ್ಯಾಟರಿಯಿಂದ ನಿಮಿಷಕ್ಕೆ ನೂರರ ಆಸುಪಾಸಿನಲ್ಲಿ ಅದು ಬೇಸರವಿಲ್ಲದೆ ಒತ್ತುತ್ತಲೇ ಇರುತ್ತದೆ. ‘ಆಟೋಪಲ್ಸ್’ ಎಂಬ ಇನ್ನೊಂದು ಯಂತ್ರ ಅಗಲವಾದ ಪಟ್ಟಿಯಿಂದ ಎದೆಯನ್ನು ಸುತ್ತಲೂ ಹಿಂಡುತ್ತದೆ.

ಕೈಯನ್ನು ಯಂತ್ರ ಮೀರಿಸಿತೇ?

ದಣಿವರಿಯದ ಯಂತ್ರ ಕೈಗಿಂತ ಮೇಲು ಎಂದು ಯಾರಿಗಾದರೂ ಅನ್ನಿಸಬೇಕು. ದೊಡ್ಡ ಪರೀಕ್ಷೆಗಳು ಹೇಳಿದ್ದು ಬೇರೆ. 2014ರಲ್ಲಿ ಪ್ರಕಟವಾದ ಯುರೋಪಿನ ಪರೀಕ್ಷೆಯೊಂದರಲ್ಲಿ 2,589 ರೋಗಿಗಳಿದ್ದರು. ಯಂತ್ರದ ಗುಂಪಿನಲ್ಲೂ ಕೈಯ ಗುಂಪಿನಲ್ಲೂ ನಾಲ್ಕು ಗಂಟೆಯ ಬಳಿಕ ಬದುಕಿದ್ದವರ ಪ್ರಮಾಣ ಹೆಚ್ಚುಕಡಿಮೆ ಒಂದೇ. 2015ರ ಬ್ರಿಟನ್ನಿನ ಪರೀಕ್ಷೆಯಲ್ಲಿ 4,471 ರೋಗಿಗಳು. 30 ದಿನಗಳ ನಂತರ ಬದುಕಿದ್ದವರು ಯಂತ್ರದ ಗುಂಪಿನಲ್ಲಿ ಶೇಕಡ 6, ಕೈಯ ಗುಂಪಿನಲ್ಲಿ ಶೇಕಡ 7. ಯಂತ್ರವನ್ನು ಜೋಡಿಸುವಾಗ ಒತ್ತುವುದು ಕೆಲವು ಕ್ಷಣ ನಿಲ್ಲುವುದೇ ಒಂದು ತೊಡಕು. ಹೀಗಾಗಿ ಎಲ್ಲರಿಗೂ ಯಂತ್ರವೇ ಬೇಕೆಂದು ವೈದ್ಯಲೋಕ ಹೇಳುವುದಿಲ್ಲ. ಸಾಧ್ಯವಾದಷ್ಟೂ ರೋಗಿ ಬಿದ್ದಲ್ಲೇ ಚೆನ್ನಾಗಿ ಒತ್ತಿ, ಹೃದಯ ಮರಳಿ ಬಡಿದ ಮೇಲೆ ಸಾಗಿಸುವುದು ಮೇಲು ಎಂಬ ಅಭಿಪ್ರಾಯವಿದೆ. ಒತ್ತುತ್ತಲೇ ಸಾಗಿಸಬೇಕಾದಾಗ, ಸಿಬ್ಬಂದಿ ಕಡಿಮೆಯಿದ್ದಾಗ, ಬಹಳ ಹೊತ್ತು ಒತ್ತಬೇಕಾದಾಗ ಯಂತ್ರಕ್ಕೆ ಬೆಲೆ. ಬಿ.ಎಚ್. ರಸ್ತೆಯ ಮೇಲೆ ಅದು ನಿಜವಾದ ನೆರವಾಗಬಲ್ಲದು.

ಆದರೆ ಆ ನೆರವು ಬರುವ ಮೊದಲಿನ ನಿಮಿಷಗಳು ಯಾರ ಪಾಲು? ಆಂಬುಲೆನ್ಸ್ ಎಷ್ಟೇ ವೇಗವಾಗಿ ಬಂದರೂ ಮೊದಲು ಅಲ್ಲಿರುವವರು ಹೆಂಡತಿ, ಮಗ, ಪಕ್ಕದ ಅಂಗಡಿಯವರು, ಜೊತೆಯ ಕಾರ್ಮಿಕರು. ಇದನ್ನರಿತೇ ಭಾರತದ ಅರಿವಳಿಕೆ ತಜ್ಞರು 2017ರಲ್ಲಿ ಜನಸಾಮಾನ್ಯರಿಗಾಗಿ ಸರಳ ಕ್ರಮವೊಂದನ್ನು ಪ್ರಕಟಿಸಿದರು. ಅದರಲ್ಲಿ ಬಾಯಿಗೆ ಬಾಯಿಡುವ ಮುಜುಗರವಿಲ್ಲ. ಕರೆದರೆ, ಅಲುಗಿಸಿದರೆ ಓಗೊಡದ, ಸಹಜವಾಗಿ ಉಸಿರಾಡದ ವ್ಯಕ್ತಿಯನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸುವುದು. ಒಬ್ಬರು 108ಕ್ಕೆ ಕರೆ ಮಾಡುತ್ತಿರುವಾಗಲೇ ಇನ್ನೊಬ್ಬರು ಒಂದು ಅಂಗೈ ಮೇಲೆ ಇನ್ನೊಂದನ್ನಿಟ್ಟು ಎದೆಮೂಳೆಯ ಕೆಳ ಅರ್ಧವನ್ನು ವೇಗವಾಗಿ, ಆಳವಾಗಿ ಒತ್ತುವುದು. ಪ್ರತಿ ಒತ್ತಿನ ಬಳಿಕ ಎದೆ ಪೂರ್ತಿ ಮೇಲೇಳಲು ಬಿಡುವುದು. ನೆರವು ಬರುವ ತನಕ ನಿಲ್ಲಿಸದಿರುವುದು. ಇಷ್ಟೇ. ನೀರು ಕುಡಿಸುವುದು, ಈರುಳ್ಳಿ ಮೂಸಿಸುವುದು, ಸುತ್ತ ಗುಂಪುಗೂಡುವುದು ಇವುಗಳಿಂದ ಕಳೆಯುವುದು ಅಮೂಲ್ಯ ನಿಮಿಷಗಳು ಮಾತ್ರ.

ಒಂದು ಕಾಲದಲ್ಲಿ ಕಾನೂನು ಈ ವಿದ್ಯೆಯನ್ನು ಜಿಲ್ಲೆಯ ಭಾಷೆಯಲ್ಲಿ ಕಾರ್ಖಾನೆಯ ಗೋಡೆಯ ಮೇಲೆ ಬರೆಸಿತು. ಕಂಬ ಹತ್ತುವವನಿಗೆ ಬೇಕಾದದ್ದು ಇಂದು ಎಲ್ಲರಿಗೂ ಬೇಕಾಗಿದೆ. ಶಾಲೆ, ಬಸ್ ನಿಲ್ದಾಣ, ಮಾರುಕಟ್ಟೆಗಳ ಗೋಡೆಗಳ ಮೇಲೂ ಹೊಸ ಪಾಠ ಕನ್ನಡದಲ್ಲಿ ಮೂಡಿದರೆ, ಆ ಗೋಡೆಯ ಎದುರೇ ಕುಸಿದವನಿಗೆ ಇನ್ನೊಂದು ಅವಕಾಶ ದೊರೆತೀತು. ಯಂತ್ರ ಒಯ್ಯುವ ವಾಹನ ಭದ್ರಾವತಿಯ ಮನೆಬಾಗಿಲಿಗೆ ಬಂದಾಗ ಅದು ಮುಂದುವರಿಸುವುದು ಮನುಷ್ಯರ ಕೈಗಳು ಆಗಲೇ ಆರಂಭಿಸಿದ ಕೆಲಸವನ್ನು. ಕೈಗಳು ಆರಂಭಿಸದಿದ್ದರೆ, ಎಂಥ ಯಂತ್ರಕ್ಕಾದರೂ ಮುಂದುವರಿಸಲು ಏನೂ ಉಳಿದಿರುವುದಿಲ್ಲ.