ಗವಾಕ್ಷಿ ಬಿಟ್ಟವರೇ ಹಗೇವು ಮುಚ್ಚಿದ್ರು

ಈ ಸಲ ಬೆಳೆ ಬಗ್ಗೆ ಅಲ್ಲ, ಗಾಳಿ ಓಡಾಡೋ ಕಿಂಡಿಗಳ ಬಗ್ಗೆ ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ, ಪುರುಸೊತ್ತಲ್ಲಿ ಓದಿ.

ನಮ್ಮ ಕಡೆ ಹಳೇ ಮಾಳಿಗೆ ಮನೆಗಳ ಚಾವಣಿಯಲ್ಲಿ ಗವಾಕ್ಷಿ ಇರ್ತಿತ್ತು. ಒಲೆ ಹೊಗೆ ಹೋಗೋಕೆ, ಬೆಳಕು ಬೀಳೋಕೆ, ಗಾಳಿಯಾಡೋಕೆ ಎಲ್ಲಕ್ಕೂ ಅದೇ ದಾರಿ. ಸಂಸ್ಕೃತದ 'ಗವಾಕ್ಷ' ಅಂದ್ರೆ ದನದ ಕಣ್ಣು. ಇಂಗ್ಲಿಷಿನ 'ವಿಂಡೋ' ಪದದ ಮೂಲ ಹುಡುಕಿದ್ರೆ ಅಲ್ಲೂ ಕಣ್ಣೇ ಸಿಗುತ್ತೆ, ಹಳೇ ನಾರ್ಸ್ ಭಾಷೆಯಲ್ಲಿ ಅದು 'ಗಾಳಿಯ ಕಣ್ಣು'.

ಆದರೆ ಮನೆಗೆ ಗವಾಕ್ಷಿ ಬಿಟ್ಟ ಅದೇ ಜನ ರಾಗಿಗೆ ಮಾತ್ರ ಒಂದು ತೂತೂ ಬಿಡ್ತಿರಲಿಲ್ಲ. ನೀರು ನಿಲ್ಲದ ಗಟ್ಟಿ ನೆಲದಲ್ಲಿ ಹಗೇವು ತೋಡಿ, ಒಬ್ಬ ಆಳು ಇಳಿಯುವಷ್ಟು ಬಾಯಿ, ಒಳಗೆ ದೊಡ್ಡ ಹೊಟ್ಟೆ ಮಾಡ್ತಿದ್ರು. ಸುತ್ತ ಹುಲ್ಲು ಕೊಟ್ಟು, ಚೆನ್ನಾಗಿ ಒಣಗಿದ ರಾಗಿ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಡ್ತಿದ್ರು. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ರಾಗಿಯನ್ನು ಗುಂಡಿಯಲ್ಲಿ ಇಡೋದನ್ನ ಬರೆದಿದ್ದಾನೆ. 1876–78ರ ಧಾತು–ಈಶ್ವರ ಬರದಂಥ ಕಾಲ ಕಂಡ ಸೀಮೆ ಇದು. ವರ್ಷಗಟ್ಟಲೆ ಕೆಡದ ಕಾಳು ಅಂದ್ರೆ ಇಲ್ಲಿ ಜೀವ ಇದ್ದ ಹಾಗೆ.

ಹೇಗೆ ಕೆಡ್ತಿರಲಿಲ್ಲ? ಕಾಳೂ ಉಸಿರಾಡುತ್ತೆ, ಅದರೊಳಗಿನ ಹುಳವೂ ಉಸಿರಾಡುತ್ತೆ. ಬಾಯಿ ಮುಚ್ಚಿದ ಮೇಲೆ ಒಳಗಿನ ಆಮ್ಲಜನಕ ಕಮ್ಮಿಯಾಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತೆ. ಹುಳ ಉಸಿರುಗಟ್ಟಿ ಸಾಯುತ್ತೆ. ಔಷಧಿ ಇಲ್ಲ, ಪುಡಿ ಇಲ್ಲ.

ಹುಳ ಕೊಲ್ಲೋ ಆ ಗಾಳಿ ಮನುಷ್ಯನನ್ನೂ ಬಿಡಲ್ಲ. ಇಂಗಾಲದ ಡೈಆಕ್ಸೈಡ್ ನಾವು ಉಸಿರಾಡೋ ಗಾಳಿಗಿಂತ ಭಾರ, ಗುಂಡಿ ತಳದಲ್ಲೇ ಕೂತಿರುತ್ತೆ. ಅದಕ್ಕೇ ಹಿರಿಯರು ಹಗೇವು ತೆಗೆದ ಕೂಡಲೇ ಯಾರನ್ನೂ ಇಳಿಸ್ತಿರಲಿಲ್ಲ. ಬಾಯಿ ತೆಗೆದು ಬಹಳ ಹೊತ್ತು ಬಿಟ್ಟು, ಆಮೇಲೆ ಹಗ್ಗದಲ್ಲಿ ದೀಪ ಇಳಿಸಿ ನೋಡ್ತಿದ್ರು. ದೀಪ ಆರಿದ್ರೆ ಇಳಿಯೋ ಹಾಗಿಲ್ಲ.

ಹಗೇವು ಈಗ ಹೆಚ್ಚುಕಮ್ಮಿ ಮುಚ್ಚಿಹೋಗಿವೆ, ಗುಂಡಿಗಳು ಹೋಗಿಲ್ಲ. ರಸಮೇವಿನ ಗುಂಡಿ, ಗೋಬರ್ ಗ್ಯಾಸ್ ತೊಟ್ಟಿ, ಪಾಳು ಬಾವಿ ಎಲ್ಲದರಲ್ಲೂ ಇದೇ ಕಥೆ. ಇಲ್ಲಿ ದೀಪ ನಂಬಬೇಡಿ. ಗೋಬರ್ ಗ್ಯಾಸ್‌ನಲ್ಲಿ ಮೀಥೇನ್ ಇರುತ್ತೆ, ದೀಪ ತಂದ್ರೆ ಹೊತ್ತಿಕೊಳ್ಳುತ್ತೆ. ಬಾವಿಯಲ್ಲಿ ದೀಪ ಉರೀತು ಅಂದ ಮಾತ್ರಕ್ಕೆ ಗಾಳಿ ಒಳ್ಳೇದು ಅಂತಲೂ ಅಲ್ಲ, ವಿಷಗಾಳಿ ಇದ್ರೆ ದೀಪ ಹೇಳಲ್ಲ. ಒಬ್ಬ ಬಿದ್ದ ಅಂತ ಇನ್ನೊಬ್ಬ ಇಳಿದು, ಅವನನ್ನ ಎತ್ತೋಕೆ ಮೂರನೆಯವನು ಇಳಿದು, ಹೀಗೇ ಒಂದೇ ಮನೆಯಲ್ಲಿ ಎರಡು ಮೂರು ಹೆಣ ಬೀಳೋದು. ಇಳಿಯಬೇಡಿ, ಮೇಲಿಂದಲೇ ಗಾಳಿ ಊದಿಸಿ, ಅಗ್ನಿಶಾಮಕದವರನ್ನ ಕರೆಸಿ.

ಇನ್ನು ಈರುಳ್ಳಿ. ಅದಕ್ಕೆ ಹಗೇವಿನ ಲೆಕ್ಕ ಪೂರ್ತಿ ಉಲ್ಟಾ. ಗೆಡ್ಡೆಯಲ್ಲಿ ನೀರು ಜಾಸ್ತಿ, ಉಸಿರಾಡಿದಷ್ಟೂ ಬಿಸಿ ಮತ್ತು ತೇವ ಬಿಡುತ್ತೆ. ಆ ಬಿಸಿ ಗಾಳಿ ಮೇಲೆ ಹೋಗೋಕೆ ದಾರಿ ಬೇಕು, ಕೆಳಗಿಂದ ಒಣಗಾಳಿ ಬರೋಕೂ ದಾರಿ ಬೇಕು. ನೆಲದಿಂದ ಎತ್ತರಿಸಿದ ಅಟ್ಟ, ಸಂದು ಬಿಟ್ಟ ಬಿದಿರು ಗೋಡೆ ಅದಕ್ಕೇ. ಮಳೆ ಅಂತ ಸುತ್ತ ಟಾರ್ಪಾಲು ಬಿಗಿದು ಹಾಗೇ ಬಿಟ್ರೆ ಈರುಳ್ಳಿಗೆ ನಾವೇ ಹಗೇವು ಕಟ್ಟಿದ ಹಾಗೆ.

ನಿಮ್ಮೂರಲ್ಲಿ ಹಳೇ ಹಗೇವು ಉಳಿದಿದ್ರೆ ಫೋಟೋ ಹಾಕಿ. ಬಾಯಿಗೆ ಚಪ್ಪಡಿ ಇಲ್ಲದಿದ್ರೆ ಮೊದಲು ಒಂದು ಚಪ್ಪಡಿ ಹಾಕಿ, ಮಕ್ಕಳು ಓಡಾಡ್ತಿರ್ತಾರೆ.